ಮಾಡೆಲ್‌ನಲ್ಲಿ ಇಲ್ಲದ ಸಾಲು

ಅಕ್ಕನ ಬೆರಳು ಕಂಪ್ಯೂಟರಿನ ಗುಂಡಿಯ ಮೇಲೇ ನಿಂತುಬಿಟ್ಟಿತು. ಒತ್ತಿದರೆ ಯಂತ್ರವು ಮಾಡೆಲ್ ಎಂಬ ನಕ್ಷೆ ನೋಡಿಕೊಂಡು ಆಸ್ಪತ್ರೆಯ ಸಾಫ್ಟ್‌ವೇರನ್ನೆಲ್ಲ ಹೊಸದಾಗಿ ಬರೆಯುತ್ತದೆ. ಕೈಯಾರೆ ಸೇರಿಸಿದ್ದು ಅಳಿಸಿಹೋಗುತ್ತದೆ. ಆಪರೇಷನ್ ಕೋಣೆಯ ಹೊರಗೆ ಕಾಯುವವರ ಪರದೆಗೆ ಅವಳ ತಮ್ಮ ಕದ್ದುಮುಚ್ಚಿ ಸೇರಿಸಿದ್ದ ಸಾಲೂ ಹೋಗುತ್ತದೆ: 'ಅಷ್ಟರಲ್ಲಿ ಏನಾದರೂ ತಿಂದು ಬನ್ನಿ.'

ಪಕ್ಕದ ಕುರ್ಚಿಯಲ್ಲೇ ಕೂತು ಕೆಲಸ ಮಾಡುತ್ತಿದ್ದ ಅವನಿಗೆ, "ಮಾಡೆಲ್‌ನಲ್ಲಿ ಇಲ್ಲದ್ದು ಉಳಿಯಲ್ಲ ಕಣೋ!" ಎಂದು ಪ್ರತಿ ಸಲವೂ ರೇಗುತ್ತಿದ್ದಳು. "ನೀನು ಅಳಿಸಕ್ಕ, ನಾನು ಮತ್ತೆ ಬರೀತೀನಿ," ಎಂದು ಅವನು ಹಲ್ಲು ಕಿರಿಯುತ್ತಿದ್ದ. ಬರೆಯುತ್ತಲೂ ಇದ್ದ.

ಹೋದ ತಿಂಗಳು ಆ ಕೋಣೆಯೊಳಗೆ ಮಲಗಿದ್ದವನು ಅವನೇ. ಅವನ ಸಾಲಿನ ಮಾತು ಕೇಳಿ ಅವಳು ಎರಡು ತುತ್ತು ತಿಂದು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

"ಮೇಡಂ, ಆಸ್ಪತ್ರೆಯವರು ಕಾಯ್ತಿದ್ದಾರೆ," ಎಂದರು ಯಾರೋ. ಅವಳು ಒತ್ತಿದಳು. ಸಾಲು ಹೋಯಿತು. ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿ, "ಅಳಿಸ್ದೆ ಕಣೋ. ಮತ್ತೆ ಬರಿ," ಎಂದಳು.