ಕುಂಚಕ್ಕೆ ಎಟುಕದ ನೀಲಿ

ಶಾಯಿ ಎಂದೇ ಬರೆದಿದ್ದರೆ ಏನಾಗುತ್ತಿತ್ತು? ಗ್ಯಾಲರಿಗೆ ಟಿಪ್ಪಣಿ ಬರೆಯುವವನು ಕಲಾಕೃತಿಯ ಪಕ್ಕದ ಚೀಟಿಯನ್ನು ನಾಲ್ಕನೆಯ ಸಲ ಓದಿಕೊಂಡ. ‘ಹಳೆಬಟ್ಟೆ, ಸುಣ್ಣ, ಮೇಣ, ತುಕ್ಕು. ನಡುವೆ ಗಾಯದಂಥ ಒಂದು ಕೆಂಪು ಗೆರೆ. ಯಾವ ಕುಂಚಕ್ಕೂ ಎಟುಕದ ನೀಲಿ.’ ಅದು ಸೋರಿದ ಪೆನ್ನಿನ ಕಲೆ ಎಂದು ಮೊದಲ ದಿನವೇ ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಹೀಗೆ ಬರೆದಿದ್ದ. ಅಂದಿನಿಂದ ಅದರ ಎದುರು ನಿಲ್ಲಲು ನಾಚಿಕೆ.

ಮಾಲಕಿಗೆ ಮಾತ್ರ ಆ ಸಾಲು ಬಹಳ ಹಿಡಿಸಿತ್ತು. ಕೊಳ್ಳಲು ಬಂದ ಹಲ್ಲಿನ ಡಾಕ್ಟರಿಗೆ ಅದನ್ನೇ ಓದಿ ಹೇಳಿದಳು. ಬರೆದವನನ್ನೂ ಪರಿಚಯಿಸಿದಳು. ಓದುಬರಹದ ಮನೆತನವಂತೆ, ತಂದೆ ಪ್ರೊಫೆಸರಾಗಿದ್ದರಂತೆ. ಆದರೂ ಎಷ್ಟು ಸಂಕೋಚ ನೋಡಿ, ಯಾರೆದುರು ನಿಂತರೂ ಎಡಗೈ ಎದೆಯ ಜೇಬಿನ ಮೇಲೇ ಇರುತ್ತದೆ. ಡಾಕ್ಟರು ನಕ್ಕರು. ಅವನೂ ನಕ್ಕ. ಕೈ ಕೆಳಗಿಳಿಯಲಿಲ್ಲ.

ಗ್ಯಾಲರಿಯ ಕಿಟಕಿ ಗಾಜು ಒರೆಸಲೆಂದು ಕಲಾವಿದರು ತಮ್ಮ ಸ್ಟುಡಿಯೋ ಗುಡಿಸುವ ಹೆಂಗಸನ್ನು ಕಳಿಸಿದ್ದರು. ಬಂದಾಗಿನಿಂದ ತಲೆ ತಗ್ಗಿಸಿ ಒರೆಸುತ್ತಿದ್ದವಳು ತಟ್ಟನೆ ನಿಂತಳು. ಒದ್ದೆ ಬೆರಳನ್ನು ನೀಲಿಯ ಮೇಲಿಟ್ಟಳು.

“ಇದು ನನ್ನ ಮಗನ ಸ್ಕೂಲ್ ಅಂಗಿ ಜೇಬು. ಮೂರು ದಿನ ಉಜ್ಜಿದೆ, ಕಲೆ ಹೋಗ್ಲಿಲ್ಲ. ಬಿಳಿ ದಾರ ಮುಗಿದಿತ್ತು, ಕೆಂಪುದಾರದಲ್ಲೇ ಹೊಲಿದೆ. ಆಮೇಲೆ ಸ್ಟುಡಿಯೋ ನೆಲ ಒರೆಸೋಕೆ ತಂದಿಟ್ಟಿದ್ದೆ.”

ಡಾಕ್ಟರು ಬಗ್ಗಿ ನೋಡಿದರು. “ನಿಮ್ಮ ಗಾಯದ ಗೆರೆಗೆ ಸೂಜಿ ಚುಚ್ಚಿದ್ದು ಇವರೇ ಅನ್ನಿ.”

ಮಾಲಕಿಯ ಮುಖ ಬಿಗಿಯಿತು. ಕೊಳ್ಳುವವರ ಎದುರು ಕಥೆ ಕಟ್ಟುತ್ತಾಳಲ್ಲ, ಸುಳ್ಳೆಂದಾದರೆ ನಾಳೆಯಿಂದಲೇ ಕೆಲಸ ಬಿಡಿಸಲು ಕಲಾವಿದರಿಗೆ ಹೇಳುತ್ತೇನೆ ಎಂದಳು. ಹಾಗಾದರೆ ಮಗನನ್ನೇ ಕರೆಸಿ ಕೇಳೋಣ ಎಂದರು ಡಾಕ್ಟರು.

ಹೆಂಗಸು ಟಿಪ್ಪಣಿಯವನತ್ತ ಒಮ್ಮೆ ನೋಡಿ ಕಣ್ಣು ತೆಗೆದಳು. “ಅವನು ಕೆಲಸದಲ್ಲಿದಾನೆ ಸ್ವಾಮಿ. ದೊಡ್ಡೋರ ಜೊತೆ. ತೊಂದ್ರೆ ಕೊಡಬಾರ್ದು.”

“ನೀವೇ ಹೇಳಿ,” ಮಾಲಕಿ ಅವನತ್ತ ತಿರುಗಿದಳು. “ಇಂಚಿಂಚೂ ನೋಡಿದೀರಿ. ಇದು ಅಂಗಿ ಜೇಬಾ?”

ಹೌದು ಎಂಬ ಒಂದು ಮಾತು ಸಾಕಿತ್ತು, ಅವಳ ಕೆಲಸ ಉಳಿಯುತ್ತಿತ್ತು.

“ಅಲ್ಲ, ಮೇಡಂ. ಬರೀ ಹಳೆಬಟ್ಟೆ. ಬೇಕಂತಲೇ ಹಚ್ಚಿದ ಬಣ್ಣ.”

“ಇರಬಹುದು,” ಎಂದಳು ಹೆಂಗಸು. “ನನಗೀಗ ಕಣ್ಣು ಮಂಜು.” ಬಕೆಟ್ಟು ಎತ್ತಿಕೊಂಡಳು. ಅವನ ಪಕ್ಕ ಹಾಯುವಾಗ ಮೆಲ್ಲಗೆ, “ಹೊತ್ತಿಗೆ ಸರಿಯಾಗಿ ಊಟ ಮಾಡಿ ಸಾರ್,” ಎಂದು ಹೋದಳು.

ಡಾಕ್ಟರು ಕೊಳ್ಳಲು ಒಪ್ಪಿದರು. ಮಾಲಕಿ ಹೇಳಿದಂತೆಯೇ ಹೆಂಗಸಿನ ಕೆಲಸ ಬಿಡಿಸಲು ಕಲಾವಿದರಿಗೆ ಫೋನು ಹಚ್ಚಿದಳು. ಅವನು ಬಲಗೈಯಿಂದ ಚೀಟಿಯ ಮೂಲೆಗೆ ಮಾರಾಟದ ಕೆಂಪು ಚುಕ್ಕಿ ಅಂಟಿಸಿದ. ಎಡಗೈ, ನಾಲ್ಕನೆಯ ತರಗತಿಯಲ್ಲಿ ಕಲೆ ಮುಚ್ಚಲು ಕಲಿತಂತೆಯೇ, ಜೇಬಿನ ಮೇಲಿತ್ತು.

ಆ ಅಂಗಿ ನನ್ನದು, ಅವಳು ನನ್ನ ಅಮ್ಮ ಎಂದು ಅವನು ಹೇಳಲಿಲ್ಲ.