ತಡಸಕ್ಕೆಂದು ಕುಟ್ಟಿದ ಮಾದಲಿ

ಈಗಲೂ ಯಾರ ಮನೆಯಲ್ಲಾದರೂ ಮಾದಲಿಯ ಏಲಕ್ಕಿ ಘಮ ಬಂದರೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತೇನೆ.

ಆ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಹಾನಗಲ್ಲಿನ ಅಂಗಡಿಯಿಂದ ಎರಡೇ ದಿನ ಬಿಡುವು ಸಿಕ್ಕಿತ್ತು. ತಡಸದಲ್ಲಿ ಅವ್ವನ ತಾಯಿ ಹಾಸಿಗೆ ಹಿಡಿದಿದ್ದಳು. ಹಲ್ಲಿಲ್ಲದ ಆಕೆ ಹಾಲಲ್ಲಿ ಕಲಸಿ ತಿನ್ನಲೆಂದು ಅವ್ವ ಗೋಧಿ, ಬೆಲ್ಲದ ಮಾದಲಿಯನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಳು. ತವರಿಗೆ ಹೋಗುತ್ತೇನೆಂದು ಬಾಯಿಬಿಟ್ಟು ಕೇಳುವ ರೂಢಿ ನಮ್ಮ ಮನೆಯ ಸೊಸೆಯರಿಗೆ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತ ಅಪ್ಪ ನನ್ನನ್ನೇ ಕೇಳಿದ: “ರಜಾ ನಿಂದು. ತಡಸಕ್ಕ ಹೋಗೂಣೇನು, ವರದಾ ಹೊಳಿ ದಂಡಿಗೆ ಹೋಗೂಣೇನು?”

ಬಡಿಸುತ್ತಿದ್ದ ಅವ್ವನ ಕೈ ನಿಂತಿತು.

“ವರದಾ ದಂಡಿಗೆ! ಈಸಾಕ!” ಎಂದು ಕುಣಿದೆ.

“ಕೂಸು ಹೇಳಿದಂಗ ಆಗ್ಲಿ ಬಿಡ್ರಿ,” ಎಂದಳು ಅವ್ವ.

ಹೊಳೆಯ ಮರಳಿನ ಮೇಲೆ ಆ ಮಾದಲಿಯನ್ನು ನಮಗೇ ಬಡಿಸಿದಳು. ತಾನು ಮುಟ್ಟಲಿಲ್ಲ.

ಮನೆಗೆ ಮರಳಿದಾಗ ತಡಸದಿಂದ ಬಂದ ಸೋದರಮಾವ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಅವ್ವ ಒಂದೇ ಮಾತು ಕೇಳಿದಳು: “ಸಾಯೂಮುಂದ ನನ್ನ ಕೇಳಿದ್ಲೇನಪಾ?”

ಮಾವ ನನ್ನ ಕಡೆ ನೋಡಿದ. ನನ್ನ ಕೈಯಲ್ಲಿದ್ದ ಮಾದಲಿ ಡಬ್ಬಿಯ ತುಂಬ ಹೊಳೆಯ ಕಲ್ಲುಗಳಿದ್ದವು.