ಕಲ್ಯಾಣಪ್ಪನ ಮನೆಗೆ ಬಂದ ಹುಕುಂ

ಪೊಲೀಸ್ ಜವಾನ ಮನೆ ಕೇಳಿಕೊಂಡು ಓಣಿಯೊಳಗೆ ಬಂದಿದ್ದಾನೆಂಬ ಸುದ್ದಿ ಮುಟ್ಟಿದಾಗ ಕಲ್ಯಾಣಪ್ಪ ಹಿತ್ತಲ ಬಾಗಿಲಿನತ್ತ ಓಡಲಿಲ್ಲ. ಜರಿ ಅಂಚಿನ ರುಮಾಲು ಹುಡುಕಿದ.

ಎರಡು ವರ್ಷದಿಂದ ಅವನು ಈ ಜವಾನನ ದಾರಿಯನ್ನೇ ಕಾಯುತ್ತಿದ್ದ. ನಿಜಾಮರ ರಾಜ್ಯದಲ್ಲಿ ನಾಲ್ಕು ಜನ ಕೂಡಿ ಭಾಷಣ ಕೇಳಬೇಕಾದರೂ ಸರ್ಕಾರದ ಇಜಾಜತ್, ಅಂದರೆ ಪರವಾನಗಿ, ಬೇಕು. ಯಾರ ಮಾತು ಸರ್ಕಾರಕ್ಕೆ ಚುಚ್ಚುತ್ತದೋ ಅವರ ಮನೆಗೆ ಜಬಾನ್ ಬಂದಿಯ ಹುಕುಂ ಬರುತ್ತದೆ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಯಾವ ಸಭೆಯಲ್ಲೂ ಬಾಯಿ ಬಿಡಕೂಡದು. ಊರಿನಲ್ಲಿ ಅದಕ್ಕೆ ಬಿರುದಿಗಿಂತ ಹೆಚ್ಚಿನ ಬೆಲೆ. ಪಕ್ಕದ ಓಣಿಯ ಭಾಷಣಕಾರ ದೇವೀಂದ್ರಪ್ಪನಿಗೆ ಹೋದ ವರ್ಷ ಬಂತು. ತಿಂಗಳೊಳಗೆ ಅವನ ಪುಸ್ತಕದ ಒಂದು ಪ್ರತಿಯೂ ಉಳಿಯಲಿಲ್ಲ. ಮಾತು ಬಂದಾದ ಮೇಲೆ ಮನುಷ್ಯ ದೊಡ್ಡವನಾಗಿಬಿಟ್ಟ.

ಕಲ್ಯಾಣಪ್ಪನ ‘ಗೃಹಸ್ಥರಿಗೆ ನಲವತ್ತು ಮಾತು’ ಮಾತ್ರ, ಸೊಲ್ಲಾಪುರದ ಪ್ರೆಸ್ಸಿನಿಂದ ಬಂದ ಗಂಟು ಬಿಚ್ಚದೆ, ಮಂಚದ ಕೆಳಗೇ ಬಿದ್ದಿತ್ತು. ವಕೀಲರ ಹತ್ತಿರದ ಗುಮಾಸ್ತಿಕೆ ಬಿಟ್ಟು ಭಾಷಣಕಾರನಾದವನು ಅವನು. ಕಲಬುರಗಿಯಲ್ಲಿ ಅವನ ಸಭೆಗೆ ಹಾಸಿದ ಜಮಖಾನೆ ಎಂದೂ ತುಂಬಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ಈ ಊರಿನವರಿಗೆ ಕಿವಿಯೇ ಇಲ್ಲವೆಂದು ಅವನು ತೀರ್ಮಾನಿಸಿದ್ದ.

ಕಿವಿ ಇದ್ದದ್ದು ಕಮಲಾಪುರಕ್ಕೆ. ಅಲ್ಲಿ ಬಾಳೆತೋಟದ ಮಾಪಣ್ಣ ಒಂದು ಸಲ ಕರೆಸಿದವನು ಮತ್ತೆ ಬಿಡಲೇ ಇಲ್ಲ. ಆರು ತಿಂಗಳಲ್ಲಿ ಆರು ಸಭೆ. ಇಜಾಜತ್ತಿಗೆ ಓಡಾಡುವವನೂ ಅವನೇ, ಗಾಡಿ ಕಳಿಸುವವನೂ ಅವನೇ. ಪ್ರತಿ ಸಲವೂ ಒಂದೇ ಮಾತು.

“ಅಕ್ಕಾರನ್ನ ಬಿಟ್ಟು ಬರಬ್ಯಾಡ್ರಿ. ಹೆಣ್ಮಕ್ಕಳು ದಾರಿ ನೋಡ್ತಾರ.”

ಅದರಲ್ಲೇನು ತಪ್ಪು? ಮಾತಿನ ಮನುಷ್ಯನಿಗೆ ನೀರಿನ ತಂಬಿಗೆ ಹಿಡಿಯಲು ಒಬ್ಬರು ಬೇಕಲ್ಲ. ಕಲ್ಯಾಣಪ್ಪ ಹೆಂಡತಿ ಸೂಗಮ್ಮನನ್ನು ಗಾಡಿಯ ಹಿಂಬದಿಗೆ ಕೂರಿಸಿಕೊಂಡು ಹೊರಡುತ್ತಿದ್ದ. ಮನೆಯಲ್ಲಿ ಎರಡು ಮಾತು ಆಡಿದರೆ ಮೂರನೆಯದಕ್ಕೆ ಬಾಯಿ ತೆರೆಯದ ಹೆಂಗಸು. ಆಡಲು ಅವನು ಸಂದು ಬಿಟ್ಟರಲ್ಲವೇ!

ಸಭೆ ಮಾಪಣ್ಣನ ಮನೆಯಲ್ಲಿ. ಗಂಡಸರು ಅಂಗಳದಲ್ಲಿ, ಹೆಂಗಸರು ಸೂಗಮ್ಮನ ಜೊತೆ ಒಳಗೆ. ಸಭೆಯ ಮೇಲೆ ಕಣ್ಣಿಡಲು ಬಂದ ಜವಾನ ಮಹಮ್ಮದ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದ, ಆಗಾಗ ಎಚ್ಚೆತ್ತವನಂತೆ ಏನೋ ಬರೆದುಕೊಳ್ಳುತ್ತಿದ್ದ. ಅವನ ಸೀಸದಕಡ್ಡಿ ಹರಿದಾಡಿದಾಗಲೆಲ್ಲ ಕಲ್ಯಾಣಪ್ಪನ ಎದೆ ಉಬ್ಬುತ್ತಿತ್ತು. ಅದಕ್ಕಿಂತ ಹೆಚ್ಚಿನ ಸುಖ ಗೋಡೆಯಾಚೆಯ ಚಪ್ಪಾಳೆಯದು. ಅವನು ದಮ್ಮು ಹಿಡಿಯಲು ನಿಂತಾಗ, ಕೆಲವು ಸಲ ಮಾತಿನ ನಟ್ಟನಡುವೆಯೇ, ಒಳಗೆ ಚಪ್ಪಾಳೆ ಬೀಳುತ್ತಿತ್ತು. ಹೆಂಗಸರಿಗೆ ತಿಳಿಯುವುದು ತುಸು ತಡವೆಂದು ಅವನು ಮನಸ್ಸಿನಲ್ಲೇ ನಕ್ಕು ಕ್ಷಮಿಸುತ್ತಿದ್ದ. ಗಾಡಿ ಹೊರಟರೆ ಅವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಊರ ಅಗಸಿಯವರೆಗೂ ಬರುತ್ತಿದ್ದರು. ಮನೆ ಮುಟ್ಟಿದ ಮೇಲೆ ಅವನ ಗಂಟಲಿಗೆ ಮೆಣಸಿನ ಕಷಾಯ. ಹಾದಿಯ ಧೂಳಿಗೆ ದನಿ ಕಟ್ಟಿತೆಂದು ಸೂಗಮ್ಮನೂ ಒಂದು ಬಟ್ಟಲು ಕುಡಿಯುತ್ತಿದ್ದಳು.

ಹೋದ ತಿಂಗಳು ಒಬ್ಬ ಅಧಿಕಾರಿಯ ಡೇರೆ ಬಂದಾಗ ಕಮಲಾಪುರದ ಹೆಂಗಸರು ಬಿಟ್ಟಿ ಹಿಟ್ಟು ಬೀಸಲು ಒಲ್ಲೆವೆಂದರಂತೆ. ಒಬ್ಬಿಬ್ಬರಲ್ಲ, ಊರಿಗೆ ಊರೇ. ಸುದ್ದಿ ಕೇಳಿದ ಕಲ್ಯಾಣಪ್ಪ ತನ್ನ ಭಾಷಣದ ಹಾಳೆಗಳನ್ನು ತಿರುವಿ ಹಾಕಿದ. ‘ಮಿತಾಹಾರ’ ಎಂಬುದರಲ್ಲಿ ಒಂದು ಕಡೆ ಬೀಸುವ ಕಲ್ಲಿನ ಪ್ರಸ್ತಾಪ ಸಿಕ್ಕಿತು. ಬೀಜ ಮೊಳೆತದ್ದು ಅಲ್ಲಿಂದಲೇ ಎಂದು ನಿಶ್ಚಯಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಎರಡನೆಯ ಮುದ್ರಣಕ್ಕೆ ಸಿದ್ಧವಿರಿ ಎಂದು ಸೊಲ್ಲಾಪುರಕ್ಕೆ ಕಾಗದವನ್ನೂ ಬರೆದ.

ಈಗ ಜವಾನ ಬಾಗಿಲಿಗೇ ಬಂದಿದ್ದ. ಸೂಗಮ್ಮ ಗಂಡನಿಗೆ ಅಡ್ಡ ನಿಂತಳು.

“ನೀವು ಹೋಗಬ್ಯಾಡ್ರಿ. ಆ ಕಾಗದ ನಾ ಇಸಗೋತೀನಿ.”

“ಹುಕುಂ ಇಸಗೊಳ್ಳೋದು ಹೆಂಗಸರ ಕೆಲಸ ಏನು?”

“ಮಂದೀನಾದರೂ ಕೂಡಿಸಬ್ಯಾಡ್ರಿ. ನಿಮಗೊಂದು ಮಾತು ಹೇಳೋದದ.”

“ಮಾತು ನನ್ನ ಕೆಲಸ. ನೀ ಆರತಿ ತಾಟು ತಯಾರು ಮಾಡು.”

ಆಕೆ ಸರಿದು ನಿಂತಳು. ಹದಿನೈದು ವರ್ಷದ ಸಂಸಾರದಲ್ಲಿ ಸರಿದು ನಿಲ್ಲುವುದನ್ನು ಆಕೆಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.

ಕಲ್ಯಾಣಪ್ಪ ಓಣಿಯ ಮಂದಿಯನ್ನೆಲ್ಲ ಕೂಗಿ ಕರೆದ. ದೇವೀಂದ್ರಪ್ಪನಿಗೂ ಹೇಳಿ ಕಳಿಸಿದ. ಅವನು ಮತ್ಸರವಿಲ್ಲದ ಮನುಷ್ಯ, ಚೆಂಡುಹೂವಿನ ಹಾರ ಹಿಡಿದೇ ಬಂದ. ಹುಕುಂ ತಂದಿದ್ದವನು ಅದೇ ಮಹಮ್ಮದ. ಕೂಡಿದ ಗುಂಪು ನೋಡಿ ಅವನು ಕಾಗದ ಕೊಡಲು ಹಿಂದೆಮುಂದೆ ನೋಡಿದ.

“ಒಳಗ ಕುಂತು ಓದ್ಕೊಳ್ರಿ ಸಾಬ. ಇದು ಮಂದಿ ಮುಂದ ಓದೋದಲ್ಲ.”

ಸರ್ಕಾರಕ್ಕೆ ಜನರ ಭಯ ಹತ್ತಿದೆ ಎಂದುಕೊಂಡ ಕಲ್ಯಾಣಪ್ಪ, ಕಾಗದ ಕಿತ್ತುಕೊಂಡು ಕಟ್ಟೆ ಹತ್ತಿದ. ಉರ್ದು ಹುಕುಮನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದತೊಡಗಿದ. ಕಂಠ ಹಿಂದೆಂದೂ ಇಷ್ಟು ಚೆನ್ನಾಗಿ ಏರಿರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ಮೊದಲ ಸಲ ಕಲಬುರಗಿ ಅವನ ಮಾತು ಕೇಳುತ್ತಿತ್ತು.

“ಕಮಲಾಪುರದಲ್ಲಿ ಆರು ಸಲ ಭಾಷಣ ಮಾಡಿ, ಬಿಟ್ಟಿ ಚಾಕರಿಯ ವಿರುದ್ಧ ರಯತರನ್ನು ಎತ್ತಿಕಟ್ಟಿದ ಕಾರಣ, ಕೆಳಗೆ ಹೆಸರಿಸಿದ ವ್ಯಕ್ತಿಗೆ ಎರಡು ವರ್ಷ ಜಬಾನ್ ಬಂದಿ.”

ಚಪ್ಪಾಳೆ ಬಿತ್ತು. ದೇವೀಂದ್ರಪ್ಪ ಹಾರ ಹಾಕಿದ. ದೇವೀಂದ್ರಪ್ಪನಿಗೆ ಸಿಕ್ಕದ್ದು ಒಂದೇ ವರ್ಷ, ಇದು ಎರಡು. ಕಲ್ಯಾಣಪ್ಪನಿಗೆ ಸಂತೋಷದಿಂದ ಕಣ್ಣು ತುಂಬಿತು. ಹಾರ ಸರಿಪಡಿಸಿಕೊಂಡು, ಅದೇ ಏರುದನಿಯಲ್ಲಿ, ಉಳಿದ ಸಾಲನ್ನೂ ಓದಿಬಿಟ್ಟ.

“ಸೂಗಮ್ಮ, ಕಲ್ಯಾಣಪ್ಪನ ಹೆಂಡತಿ. ಗಂಡನ ಭಾಷಣಗಳಿಂದ ಸರ್ಕಾರಕ್ಕೆ ಯಾವ ತೊಂದರೆಯೂ ಕಂಡುಬಂದಿಲ್ಲ. ಆತ ಎಷ್ಟು ಬೇಕಾದರೂ ಮಾತಾಡಬಹುದು.”